ಚಿತ್ರ ಸಾಕ್ಷಿ, ಅಕ್ಷರ ಊಹೆ: ಸ್ಕ್ಯಾನ್ ಮಾಡಿದ ಪುಟ ದಾಖಲೆಯಾಗುವ ಬಗೆ

ನನ್ನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಇತ್ತು. ಹಳೆಯ ಅಚ್ಚಿನ ವರದಿಗಳ ಸ್ಕ್ಯಾನ್‌ಗಳು, ನಾನೂರು ಚಿಲ್ಲರೆ ಪುಟ. ಒಂದು ದಿನ ಅದರಲ್ಲಿ ಒಂದೇ ಒಂದು ಹೆಸರು ಹುಡುಕಬೇಕಾಯಿತು. ಹೆಸರು ಟೈಪ್ ಮಾಡಿದೆ, ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಆ ಫೈಲುಗಳಲ್ಲಿ ಅಕ್ಷರಗಳೇ ಇರಲಿಲ್ಲ. ನಮ್ಮ ಕಣ್ಣಿಗೆ ಅಕ್ಷರವಾಗಿ ಕಂಡದ್ದು ಕಂಪ್ಯೂಟರಿಗೆ ಬರೀ ಬಣ್ಣದ ಚುಕ್ಕಿಗಳ ಸಾಲು. ಕೊನೆಗೆ ಒಂದೊಂದೇ ಪುಟ ತೆರೆದು ಕಣ್ಣಲ್ಲೇ ಹುಡುಕಿದೆ. ಎರಡು ಸಂಜೆ ಹೋಯಿತು.

ಸ್ಕ್ಯಾನ್ ಮಾಡಿಬಿಟ್ಟರೆ ಕಾಗದ ಉಳಿಯಿತು ಅಂತ ತುಂಬಾ ಜನ ನೆಮ್ಮದಿಯಾಗಿರುತ್ತಾರೆ. ನಾನೂ ಹಾಗೇ ಇದ್ದೆ. ನಿಜ ಹೇಳಬೇಕೆಂದರೆ ಸ್ಕ್ಯಾನ್ ಮಾಡುವುದು ಅರ್ಧ ಕೆಲಸ ಮಾತ್ರ. ಆ ಪುಟದಲ್ಲಿ ಏನಿದೆ ಎಂದು ಹುಡುಕಲು ಬರಬೇಕು. ಐವತ್ತು ವರ್ಷ ಬಿಟ್ಟು ತೆರೆದರೂ ಇವತ್ತು ಕಂಡ ಹಾಗೇ ಕಾಣಬೇಕು. ಮಧ್ಯದಲ್ಲಿ ಯಾವ ಸಾಫ್ಟ್‌ವೇರೂ ಅದರಲ್ಲಿ ಕೈಯಾಡಿಸಿರಬಾರದು. ಈ ಮೂರನ್ನೂ ಒಟ್ಟಿಗೆ ಸಾಧಿಸುವುದು ಕಷ್ಟ, ಯಾಕೆಂದರೆ ಮೊದಲನೆಯದಕ್ಕೆ ಬೇಕಾದ ಕೆಲಸಗಳೇ ಮೂರನೆಯದನ್ನು ಕೆಡಿಸಿಬಿಡಬಹುದು.

ಈ ಕೆಲಸಕ್ಕೆಂದೇ ಇರುವ ಒಂದು ಲೈಬ್ರರಿಯ ಹೆಸರು ಓಸಿಆರ್‌ಮೈಪಿಡಿಎಫ್. ಓಸಿಆರ್ ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರ ಗುರುತಿಸಿ ಓದುವುದು. ಲೈಬ್ರರಿ ಅಂದರೆ ಬೇರೆ ಪ್ರೋಗ್ರಾಮುಗಳು ಕರೆದು ಕೆಲಸ ಮಾಡಿಸಿಕೊಳ್ಳುವ ಸಿದ್ಧ ಕೋಡ್. ಇದು ಪೈಥಾನ್ ಭಾಷೆಯಲ್ಲಿದೆ, ಉಚಿತ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಪ್ರೋಗ್ರಾಮ್ ಬರೆಯಲು ಬಾರದವರು ಒಂದೇ ಸಾಲಿನ ಕಮಾಂಡ್ ಕೊಟ್ಟೂ ಬಳಸಬಹುದು. ಮನೆಯ, ಕಚೇರಿಯ ಕಾಗದಪತ್ರಗಳನ್ನು ಜೋಡಿಸಿಡುವ ಪೇಪರ್‌ಲೆಸ್-ಎನ್‌ಜಿಎಕ್ಸ್ ಎಂಬ ಸಾಫ್ಟ್‌ವೇರಿನ ಒಳಗೂ ದುಡಿಯುತ್ತಿರುವುದು ಇದೇ.

ಇದರಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ಇದು ಎಲ್ಲವನ್ನೂ ತಾನೇ ಮಾಡಲು ಹೋಗುವುದಿಲ್ಲ. ಅಕ್ಷರ ಓದಲು ಟೆಸರಾಕ್ಟ್, ಕಲೆ ತೆಗೆಯಲು ಅನ್‌ಪೇಪರ್, ಕಾಪಿಡುವ ರೂಪಕ್ಕೆ ತರಲು ಘೋಸ್ಟ್‌ಸ್ಕ್ರಿಪ್ಟ್, ಪಿಡಿಎಫ್‌ನ ಒಳಭಾಗ ಬಿಚ್ಚಿ ಜೋಡಿಸಲು ಪೈಕ್‌ಪಿಡಿಎಫ್. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿ, ಯಾರೂ ಮೂಲವನ್ನು ಹಾಳು ಮಾಡದ ಹಾಗೆ ನೋಡಿಕೊಳ್ಳುವುದು ಇದರ ಪಾಲಿನ ಕೆಲಸ.

ಓದುವ ಮುಂಚೆ

ಮೊದಲು ಒಂದು ಲೆಕ್ಕ ನೋಡೋಣ. ಎ4 ಅಳತೆಯ ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508 ಚುಕ್ಕಿ. ಒಟ್ಟು ಸುಮಾರು 87 ಲಕ್ಷ. ಬಣ್ಣದ ಚಿತ್ರವಾದರೆ ಒಂದೊಂದು ಚುಕ್ಕಿಗೆ 3 ಬೈಟ್, ಹಾಗಾಗಿ ಒಂದು ಪುಟಕ್ಕೆ 26 ಎಂಬಿ. ಬರೀ ಕಪ್ಪು ಬಿಳುಪಾದರೆ ಚುಕ್ಕಿಗೆ ಒಂದೇ ಬಿಟ್ ಸಾಕು, ಪುಟ 1 ಎಂಬಿ ಆಸುಪಾಸಿಗೆ ಇಳಿಯುತ್ತದೆ. ಇದು ಒತ್ತಿ ಚಿಕ್ಕದು ಮಾಡುವ ಮುಂಚಿನ ಲೆಕ್ಕ. ಅಚ್ಚಿನ ಅಕ್ಷರ ಓದಿಸಲು 300 ಡಿಪಿಐ ಒಳ್ಳೆಯ ಅಳತೆ. ಅದಕ್ಕಿಂತ ತೀರಾ ಕಡಿಮೆಯಾದರೆ ಸಣ್ಣ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಫೋಟೋ ಫೈಲಿನಲ್ಲಿ ಈ ಡಿಪಿಐ ಸಂಖ್ಯೆ ಬರೆದಿರಲೇಬೇಕು ಅಂತೇನಿಲ್ಲ. ಬರೆದಿಲ್ಲದಿದ್ದರೆ ಪುಟ ಎಷ್ಟು ದೊಡ್ಡದು ಎಂದು ಲೈಬ್ರರಿಗೆ ಗೊತ್ತಾಗುವುದಿಲ್ಲ. ಆಗ ಅದು ತಾನೇ ಒಂದು ಅಳತೆ ಕಟ್ಟಿಕೊಳ್ಳುವ ಬದಲು ನಿಂತುಬಿಡುತ್ತದೆ, ನೀವೇ ಹೇಳಿ ಎನ್ನುತ್ತದೆ. ಇದು ಕಿರಿಕಿರಿ ಅನ್ನಿಸಬಹುದು. ಆದರೆ ದಾಖಲೆ ಮಾಡುವವರಿಗೆ ಬೇಕಾದ ಗುಣ ಇದೇ, ಅಲ್ವಾ?

ಚಿತ್ರವನ್ನು ಪಿಡಿಎಫ್ ಒಳಗೆ ಇಡುವುದರಲ್ಲೂ ಒಂದು ಸೂಕ್ಷ್ಮ ಇದೆ. ಜೆಪೆಗ್ ಚಿತ್ರವನ್ನು ಬಿಚ್ಚಿ ಮತ್ತೆ ಜೆಪೆಗ್ ಆಗಿ ಉಳಿಸಿದರೆ ಪ್ರತಿ ಸಲವೂ ಸ್ವಲ್ಪ ವಿವರ ಕಳೆದುಹೋಗುತ್ತದೆ. ಹಾಗೆ ಬಿಚ್ಚುವ ಅಗತ್ಯವೇ ಇಲ್ಲ. ಜೆಪೆಗ್‌ನ ಬೈಟುಗಳನ್ನು ಇದ್ದ ಹಾಗೇ ಇಟ್ಟುಕೊಳ್ಳುವ ಏರ್ಪಾಡು ಪಿಡಿಎಫ್‌ನಲ್ಲೇ ಇದೆ. ಈ ಕೆಲಸಕ್ಕೆ ಇಮೇಜ್2ಪಿಡಿಎಫ್ ಎಂಬ ಅರ್ಥದ ಹೆಸರಿನ (img2pdf) ಪುಟ್ಟ ಸಾಧನವೊಂದಿದೆ, ಅದು ಚಿತ್ರಕ್ಕೆ ಹೊರಗಿನಿಂದ ಪಿಡಿಎಫ್ ಹೊದಿಕೆ ಹಾಕುತ್ತದೆ ಅಷ್ಟೇ. ಹತ್ತಾರು ಚಿತ್ರಗಳಿದ್ದರೆ ಮೊದಲು ಅದರಿಂದ ಒಂದು ಪಿಡಿಎಫ್ ಮಾಡಿಕೊಂಡು, ಆಮೇಲೆ ಓಸಿಆರ್‌ಮೈಪಿಡಿಎಫ್‌ಗೆ ಕೊಡುವುದು ವಾಡಿಕೆ.

ಇನ್ನು ಪುಟವನ್ನು ನೆಟ್ಟಗೆ ಮಾಡುವುದು. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಅವನ್ನು ಒಂದೇ ಎಂದುಕೊಳ್ಳಬಾರದು. ಪುಟ ತಲೆಕೆಳಗಾಗಿದೆ ಅಥವಾ ಅಡ್ಡಕ್ಕೆ ತಿರುಗಿದೆ ಎಂದುಕೊಳ್ಳಿ. ಅದನ್ನು ತಿರುಗಿಸಲು ಚಿತ್ರವನ್ನು ಮುಟ್ಟಬೇಕಿಲ್ಲ, "ಇದನ್ನು 90 ಡಿಗ್ರಿ ತಿರುಗಿಸಿ ತೋರಿಸು" ಎಂದು ಪಿಡಿಎಫ್‌ನಲ್ಲಿ ಬರೆದರೆ ಆಯಿತು. ಒಂದು ಚುಕ್ಕಿಯೂ ಬದಲಾಗುವುದಿಲ್ಲ. ಆದರೆ ಪುಟ ಎರಡು ಡಿಗ್ರಿ ಓರೆಯಾಗಿದ್ದರೆ? ಅದನ್ನು ನೇರ ಮಾಡಲು ಪ್ರತಿ ಚುಕ್ಕಿಯನ್ನೂ ಹೊಸ ಜಾಗಕ್ಕೆ ಲೆಕ್ಕ ಹಾಕಿ ಕೂರಿಸಬೇಕು. ಅಂದರೆ ಅದು ಹೊಸ ಚಿತ್ರ. ಕಣ್ಣಿಗೆ ವ್ಯತ್ಯಾಸ ಕಾಣದಿರಬಹುದು, ಆದರೆ ಮೂಲ ಹೋಯಿತು. ಅದಕ್ಕೇ ಓರೆ ತಿದ್ದುವ ಆಯ್ಕೆಯನ್ನು ನಾವು ಕೇಳಿದರೆ ಮಾತ್ರ ಈ ಲೈಬ್ರರಿ ಬಳಸುತ್ತದೆ.

ಕಲೆ ತೆಗೆಯುವುದೂ ಹೀಗೇ. ಇಲ್ಲಿ ನಾನೇ ಒಮ್ಮೆ ಎಡವಿದ್ದೆ. ಹಳದಿಗಟ್ಟಿದ ಪುಟಗಳು ಅಚ್ಚುಕಟ್ಟಾಗಿ ಕಾಣಲಿ ಎಂದು ಎಲ್ಲವನ್ನೂ ಶುಚಿ ಮಾಡಿಸಿ, ಶುಚಿಯಾದ ಪ್ರತಿಯನ್ನೇ ಉಳಿಸಿಕೊಂಡು ಹಳೆಯದನ್ನು ಅಳಿಸಿದೆ. ತಿಂಗಳಾದ ಮೇಲೆ ಗೊತ್ತಾಯಿತು, ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಹಾಕಿದ್ದ ಸಣ್ಣ ಗುರುತುಗಳೂ ಕಲೆಗಳ ಜೊತೆ ಹೋಗಿದ್ದವು. ಓಸಿಆರ್‌ಮೈಪಿಡಿಎಫ್‌ನಲ್ಲಿ ಇದಕ್ಕೆ ಎರಡು ಪ್ರತ್ಯೇಕ ಆಯ್ಕೆಗಳಿವೆ. ಒಂದು, ಕಲೆ ತೆಗೆದ ಚಿತ್ರವನ್ನು ಅಕ್ಷರ ಓದುವವನಿಗೆ ಮಾತ್ರ ತೋರಿಸಿ, ಕೊನೆಯ ಫೈಲಿನಲ್ಲಿ ಮೂಲ ಚಿತ್ರವನ್ನೇ ಇಡುವುದು. ಇನ್ನೊಂದು, ಶುಚಿಯಾದದ್ದನ್ನೇ ಫೈಲಿಗೆ ಹಾಕುವುದು. ಮೊದಲನೆಯದನ್ನು ಬಳಸಿ. ಎರಡನೆಯದು ಬೇಕೇ ಬೇಕು ಅನ್ನಿಸಿದರೆ ಮೂಲ ಸ್ಕ್ಯಾನ್ ಬೇರೆ ಕಡೆ ಇದೆಯೇ ಎಂದು ಎರಡು ಸಲ ನೋಡಿಕೊಳ್ಳಿ.

ಚುಕ್ಕಿಗಳಿಂದ ಅಕ್ಷರಕ್ಕೆ

ಟೆಸರಾಕ್ಟ್‌ಗೆ ದೊಡ್ಡ ಇತಿಹಾಸವಿದೆ. ಹ್ಯೂಲೆಟ್-ಪ್ಯಾಕಾರ್ಡ್ ಕಂಪನಿಯ ಪ್ರಯೋಗಾಲಯದಲ್ಲಿ 1985ರಿಂದ 1994ರವರೆಗೆ ಅದನ್ನು ಕಟ್ಟಿದರು. 2005ರಲ್ಲಿ ಅದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಮಾರನೆಯ ವರ್ಷದಿಂದ ಗೂಗಲ್ ಅದರ ಬೆಳವಣಿಗೆಗೆ ಬೆಂಬಲ ಕೊಟ್ಟಿತು. 2018ರಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಓದುವ ರೀತಿಯೇ ಬದಲಾಯಿತು. ಮುಂಚೆ ಅದು ಒಂದೊಂದೇ ಅಕ್ಷರವನ್ನು ಕತ್ತರಿಸಿ, ಆಕಾರ ಹೋಲಿಸಿ, ಇದು ಇಂಥದ್ದು ಎನ್ನುತ್ತಿತ್ತು. ಈಗ ಇಡೀ ಸಾಲನ್ನು ಎಡದಿಂದ ಬಲಕ್ಕೆ ನೋಡುತ್ತಾ, ಹಿಂದೆ ಮುಂದೆ ಏನಿದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದುವ ನರಜಾಲ, ಅಂದರೆ ಮಾದರಿಗಳನ್ನು ನೋಡಿ ನೋಡಿ ಕಲಿತ ಪ್ರೋಗ್ರಾಮ್, ಅದರೊಳಗಿದೆ.

ಓದುವ ಮುಂಚೆ ಪುಟವನ್ನು ಕಪ್ಪು ಬಿಳುಪು ಮಾಡಿಕೊಳ್ಳುತ್ತದೆ. ಎಷ್ಟು ಗಾಢವಾದರೆ ಶಾಯಿ, ಎಷ್ಟು ತಿಳಿಯಾದರೆ ಕಾಗದ? ಈ ಗೆರೆ ಎಳೆಯಲು ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಕೊಟ್ಟ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಪುಟದಲ್ಲಿ ಯಾವ ಮಟ್ಟದ ಬೂದು ಬಣ್ಣ ಎಷ್ಟಿದೆ ಎಂದು ಎಣಿಸಿ, ಎರಡು ಗುಂಪುಗಳು ಒಂದರಿಂದೊಂದು ಆದಷ್ಟು ದೂರ ನಿಲ್ಲುವ ಜಾಗದಲ್ಲಿ ಗೆರೆ ಎಳೆಯುವುದು ಅದರ ಉಪಾಯ. ಪುಟದ ಒಂದು ಮೂಲೆಯಲ್ಲಿ ನೆರಳು ಬಿದ್ದಿದ್ದರೆ ಮಾತ್ರ ಒಂದೇ ಗೆರೆ ಇಡೀ ಪುಟಕ್ಕೆ ಹೊಂದುವುದಿಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋಗಳು ಸ್ಕ್ಯಾನರಿನ ಚಿತ್ರಗಳಷ್ಟು ಚೆನ್ನಾಗಿ ಓದಿಸಿಕೊಳ್ಳದಿರುವುದಕ್ಕೆ ಇದೂ ಒಂದು ಕಾರಣ.

ಭಾಷೆ ಯಾವುದೆಂದು ನಾವೇ ಹೇಳಬೇಕು. ಸುಮ್ನೆ ಬಿಟ್ಟರೆ ಇಂಗ್ಲಿಷ್ ಎಂದುಕೊಳ್ಳುತ್ತದೆ. ಆಗ ಕನ್ನಡದ ಪುಟವನ್ನು ಕೊಟ್ಟರೂ ದುಂಡು ದುಂಡಾದ ಅಕ್ಷರಗಳನ್ನೆಲ್ಲ ರೋಮನ್ ಅಕ್ಷರ, ಅಂಕೆ ಎಂದು ಓದಿ ಅರ್ಥವಿಲ್ಲದ ಸಾಲುಗಳನ್ನು ಕೊಡುತ್ತದೆ. ಕನ್ನಡದ ಭಾಷಾ ಫೈಲನ್ನು ಮೊದಲು ಇನ್‌ಸ್ಟಾಲ್ ಮಾಡಿಕೊಂಡು, ಪುಟದಲ್ಲಿ ಎರಡೂ ಭಾಷೆ ಇದ್ದರೆ ಎರಡನ್ನೂ ಹೇಳಬೇಕು.

ಕನ್ನಡದಂಥ ಲಿಪಿ ಓದುವುದು ಯಂತ್ರಕ್ಕೆ ಯಾಕೆ ಕಷ್ಟ ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ. ‘ದ’ ಮತ್ತು ‘ಧ’ಗೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ‘ಪ’ ‘ಫ’, ‘ಬ’ ‘ಭ’ ಕೂಡ ಹಾಗೇ. ಒಂದು ಧೂಳಿನ ಕಣ ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡಿಬಿಡಬಹುದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಇಕ್ಕಟ್ಟಾಗಿ ಅಚ್ಚಾದ ಪುಟದಲ್ಲಿ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಇನ್ನು ಅರ್ಕಾವತ್ತು ನೋಡಿ. ‘ಸೂರ್ಯ’ ಎನ್ನುವಾಗ ರಕಾರದ ಗುರುತು ‘ಯ’ ಆದ ಮೇಲೆ ಬರುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಮಾತ್ರ ಉಚ್ಚಾರಣೆಯ ಕ್ರಮವೇ ಇರಬೇಕು, ಮೊದಲು ‘ರ’, ಆಮೇಲೆ ‘ಯ’. ಕಣ್ಣಿಗೆ ಕಂಡ ಕ್ರಮದಲ್ಲಿ ಬರೆದರೆ ಹುಡುಕಿದಾಗ ಸಿಗುವುದಿಲ್ಲ. ಇಡೀ ಸಾಲನ್ನು ನೋಡಿ ಓದುವ ಹೊಸ ವಿಧಾನ ನಮ್ಮಂಥ ಲಿಪಿಗಳಿಗೆ ಹೆಚ್ಚು ಹೊಂದುವುದು ಇದಕ್ಕೇ.

ಅನುಸ್ವಾರ ಮತ್ತು ಕನ್ನಡದ ಸೊನ್ನೆ ನೋಡಲು ಒಂದೇ ಥರ. ಯೂನಿಕೋಡ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸಂಕೇತ. ‘ಅಂಗಳ’ದ ಮಧ್ಯೆ ಅನುಸ್ವಾರದ ಬದಲು ಸೊನ್ನೆ ಕೂತಿದ್ದರೆ ನಿಮ್ಮ ಕಣ್ಣಿಗೆ ಯಾವ ತಪ್ಪೂ ಕಾಣುವುದಿಲ್ಲ. ಹುಡುಕಾಟ ಮಾತ್ರ ಸೋಲುತ್ತದೆ.

ಅದಕ್ಕೇ ಹೇಳುತ್ತೇನೆ, ಯಂತ್ರ ಓದಿದ್ದು ಊಹೆ. ತುಂಬಾ ಒಳ್ಳೆಯ ಊಹೆ ಇರಬಹುದು, ಆದರೂ ಊಹೆಯೇ. ಹುಡುಕಿದಾಗ ಸಿಕ್ಕರೆ ಪದ ಇದೆ ಎಂದು ಪುಟ ನೋಡಿ ಖಚಿತ ಮಾಡಿಕೊಳ್ಳಬಹುದು. ಸಿಗದಿದ್ದರೆ ಪದವೇ ಇಲ್ಲ ಎಂದುಕೊಳ್ಳಬಾರದು. ಕೈಬರಹದ ವಿಷಯದಲ್ಲಂತೂ ಟೆಸರಾಕ್ಟ್‌ನಿಂದ ಏನನ್ನೂ ನಿರೀಕ್ಷಿಸಬೇಡಿ, ಅದನ್ನು ಕಟ್ಟಿದ್ದು ಅಚ್ಚಿನ ಅಕ್ಷರಕ್ಕೆ.

ಕಾಣದ ಪದರ

ಓದಿದ ಅಕ್ಷರಗಳನ್ನು ಎಲ್ಲಿಡುವುದು? ಈ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಚೆಂದ ಅನ್ನಿಸುವ ಭಾಗ ಇದು.

ಪಿಡಿಎಫ್‌ನಲ್ಲಿ ಅಕ್ಷರವನ್ನು ಹೇಗೆ ಬಿಡಿಸಬೇಕು ಎಂದು ಹೇಳಲು ಎಂಟು ಬಗೆಗಳಿವೆ, 0ಯಿಂದ 7ರವರೆಗೆ. 0 ಅಂದರೆ ಸಾಮಾನ್ಯವಾಗಿ ಬಣ್ಣ ತುಂಬಿ ಬಿಡಿಸು. 3 ಅಂದರೆ ಬಣ್ಣವನ್ನೂ ತುಂಬಬೇಡ, ಅಂಚನ್ನೂ ಎಳೆಯಬೇಡ. ಅಕ್ಷರ ಅಲ್ಲಿದೆ, ಜಾಗ ಹಿಡಿದಿದೆ, ಕಾಣುವುದಿಲ್ಲ. ಲೈಬ್ರರಿ ಈ ಮೂರನೇ ಬಗೆಯಲ್ಲಿ ಪ್ರತಿ ಪದವನ್ನೂ ಚಿತ್ರದಲ್ಲಿ ಅದು ಎಲ್ಲಿದೆಯೋ ಅಲ್ಲೇ ಕೂರಿಸುತ್ತದೆ. ನೀವು ಮೌಸ್ ಎಳೆದಾಗ ಚಿತ್ರದ ಪದ ನೀಲಿಯಾದಂತೆ ಕಾಣುತ್ತದೆ. ನಿಜವಾಗಿ ಆಯ್ಕೆಯಾಗುತ್ತಿರುವುದು ಈ ಕಾಣದ ಪದ.

ಕೂರಿಸುವ ಲೆಕ್ಕ ಕಷ್ಟದ್ದಲ್ಲ, ಆದರೆ ತಪ್ಪುವುದು ಸುಲಭ. ಚಿತ್ರದಲ್ಲಿ ಅಳತೆ ಮೇಲಿನ ಎಡ ಮೂಲೆಯಿಂದ, ಚುಕ್ಕಿಗಳಲ್ಲಿ. ಪಿಡಿಎಫ್‌ನಲ್ಲಿ ಕೆಳಗಿನ ಎಡ ಮೂಲೆಯಿಂದ, ಪಾಯಿಂಟ್‌ಗಳಲ್ಲಿ, ಇಂಚಿಗೆ 72. 300 ಡಿಪಿಐ ಚಿತ್ರದಲ್ಲಿ ಎಡದಿಂದ 600ನೇ ಚುಕ್ಕಿಯಲ್ಲಿ ಶುರುವಾಗುವ ಪದ ಎರಡು ಇಂಚು ದೂರದಲ್ಲಿದೆ, ಅಂದರೆ 144 ಪಾಯಿಂಟ್. ಎತ್ತರದ ಲೆಕ್ಕವನ್ನು ಉಲ್ಟಾ ಮಾಡಬೇಕು. ಡಿಪಿಐ ಗೊತ್ತಿಲ್ಲದಿದ್ದರೆ ಪುಟದ ಅಳತೆಯೂ ಗೊತ್ತಾಗುವುದಿಲ್ಲ ಎಂದು ಆಗಲೇ ಹೇಳಿದ್ದು ಇಲ್ಲಿಗೆ ಬಂದು ತಾಗುತ್ತದೆ.

ಈ ಪದರಕ್ಕೆ ಬಳಸುವ ಫಾಂಟಿನಲ್ಲಿ ಅಕ್ಷರದ ಆಕಾರಗಳೇ ಇರುವುದಿಲ್ಲ, ಯೂನಿಕೋಡ್ ಸಂಕೇತಗಳಿಗೆ ನೇರ ಕೊಂಡಿ ಮಾತ್ರ. ಇದರಿಂದ ಒಂದು ಅನಿರೀಕ್ಷಿತ ಲಾಭವಿದೆ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಪಿಡಿಎಫ್‌ಗಳನ್ನು ನೀವು ನೋಡಿರುತ್ತೀರಿ. ಪರದೆಯ ಮೇಲೆ ಕನ್ನಡ ಚೆನ್ನಾಗಿ ಕಾಣುತ್ತದೆ, ನಕಲು ಮಾಡಿ ಅಂಟಿಸಿದರೆ ವಿಚಿತ್ರ ರೋಮನ್ ಚಿಹ್ನೆಗಳು. ಅಂಥ ಫೈಲನ್ನು, ಅದರಲ್ಲಿ ಅಕ್ಷರ ಇದ್ದರೂ ಲೆಕ್ಕಿಸದೆ ಚಿತ್ರವಾಗಿ ಮಾಡಿ ಮತ್ತೆ ಓದಿಸಿದರೆ ಹುಡುಕಲು ಬರುತ್ತದೆ. ಮಾಮೂಲಿಯಾಗಿ ಲೈಬ್ರರಿ ಹಾಗೆ ಮಾಡುವುದಿಲ್ಲ. ಪುಟದಲ್ಲಿ ಈಗಾಗಲೇ ಅಕ್ಷರ ಇದೆ ಎಂದು ಕಂಡರೆ ಮುಟ್ಟದೆ ಹಿಂದೆ ಸರಿಯುತ್ತದೆ, ಒತ್ತಾಯ ಮಾಡಿದರೆ ಮಾತ್ರ ಮುಂದುವರಿಯುತ್ತದೆ. ಡಿಜಿಟಲ್ ಸಹಿ ಇರುವ ಫೈಲನ್ನೂ ಹಾಗೇ ಬಿಡುತ್ತದೆ, ಯಾಕೆಂದರೆ ಒಳಗೆ ಏನು ಬದಲಾದರೂ ಸಹಿ ಅಸಿಂಧು.

ಒತ್ತುವಾಗ ಆದ ಒಂದು ಅನಾಹುತ

2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬುವರು ಒಂದು ಕಟ್ಟಡದ ನಕ್ಷೆಯನ್ನು ಜೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿ ನೋಡಿದರು. ಮೂಲ ನಕ್ಷೆಯಲ್ಲಿ ಒಂದು ಕೋಣೆಯ ವಿಸ್ತೀರ್ಣ 21.11 ಚದರ ಮೀಟರ್ ಎಂದಿತ್ತು. ಸ್ಕ್ಯಾನ್‌ನಲ್ಲಿ ಅದು 14.13 ಆಗಿತ್ತು, ಪಕ್ಕದ ಕೋಣೆಯ ಸಂಖ್ಯೆ. ಮಸುಕಾಗಿರಲಿಲ್ಲ, ಸ್ಪಷ್ಟವಾಗಿ, ಸುಂದರವಾಗಿ ತಪ್ಪಾಗಿತ್ತು. ಬೇರೆ ಕಾಗದಗಳಲ್ಲಿ 6 ಇದ್ದ ಕಡೆ 8 ಬಂದಿತ್ತು.

ಕಾರಣ ಜೆಬಿಗ್2 ಎಂಬ ಒತ್ತುವ ವಿಧಾನ. ಕಪ್ಪು ಬಿಳುಪು ಪುಟದಲ್ಲಿ ಒಂದೇ ಥರದ ಆಕಾರಗಳು ಪದೇ ಪದೇ ಬರುತ್ತವೆ. ಪ್ರತಿ ‘6’ರ ಚಿತ್ರವನ್ನೂ ಇಡುವ ಬದಲು ಒಂದನ್ನು ಇಟ್ಟು, ಉಳಿದ ಕಡೆ "ಅದೇ ಇಲ್ಲಿಯೂ" ಎಂದು ಬರೆದರೆ ಜಾಗ ತುಂಬಾ ಉಳಿಯುತ್ತದೆ. ಪೂರ್ತಿ ಒಂದೇ ಆಗಿರದಿದ್ದರೂ ಹೆಚ್ಚು ಕಡಿಮೆ ಒಂದೇ ಎಂದು ಒಪ್ಪಿಕೊಂಡಾಗ ತೊಂದರೆ ಶುರು. ಸ್ವಲ್ಪ ಹಾಳಾದ 6, 8ರ ಹಾಗೆ ಕಂಡರೆ ಅದರ ಜಾಗಕ್ಕೆ 8 ಬಂದು ಕೂರುತ್ತದೆ. ಕಂಪನಿ ಆಮೇಲೆ ಯಂತ್ರಗಳ ಸಾಫ್ಟ್‌ವೇರ್ ತಿದ್ದಿತು. ಆದರೆ ಅಷ್ಟು ದಿನ ಸ್ಕ್ಯಾನ್ ಆದ ಪುಟಗಳಲ್ಲಿ ಯಾವುದು ಸರಿ ಎಂದು ಬರೀ ಆ ಫೈಲುಗಳನ್ನು ನೋಡಿ ಹೇಳುವ ದಾರಿಯೇ ಇಲ್ಲ.

ಅಕ್ಷರದ ಪದರದಲ್ಲಿ ತಪ್ಪಾದರೆ ಚಿತ್ರ ನೋಡಿ ತಿದ್ದಬಹುದು. ಚಿತ್ರವೇ ತಪ್ಪಾದರೆ ಏನನ್ನು ನೋಡುವುದು? ಜೆಬಿಗ್2ನಲ್ಲಿ ಒಂದು ಚುಕ್ಕಿಯೂ ಬದಲಾಗದ ಬಗೆಯೂ ಇದೆ, ಅದನ್ನು ಧೈರ್ಯವಾಗಿ ಬಳಸಬಹುದು. ಓಸಿಆರ್‌ಮೈಪಿಡಿಎಫ್‌ನಲ್ಲಿ ಫೈಲು ಕುಗ್ಗಿಸಲು 0ಯಿಂದ 3ರವರೆಗೆ ಮಟ್ಟಗಳಿವೆ. ತಾನಾಗಿ ಬರುವ 1ನೇ ಮಟ್ಟದಲ್ಲಿ ನಷ್ಟವಿಲ್ಲದ ಉಪಾಯಗಳು ಮಾತ್ರ. ಕಾಪಿಡುವ ದಾಖಲೆಗೆ ಅದನ್ನು ದಾಟಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡಿಸ್ಕಿನ ಜಾಗ ಇನ್ನೊಮ್ಮೆ ಕೊಳ್ಳಬಹುದು.

ಕಾಪಿಡುವ ಪಿಡಿಎಫ್

ಪಿಡಿಎಫ್ 1993ರಲ್ಲಿ ಅಡೋಬಿಯಿಂದ ಬಂತು, 2008ರಲ್ಲಿ ಐಎಸ್‌ಒ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಮಾನದಂಡವಾಯಿತು. ಈಗ ಅದರೊಳಗೆ ವಿಡಿಯೋ, ಜಾವಾಸ್ಕ್ರಿಪ್ಟ್, ಪಾಸ್‌ವರ್ಡ್ ಏನು ಬೇಕಾದರೂ ಇರಬಹುದು. ಹಾಗಿರುವ ಫೈಲು ಮುಂದೆ ತೆರೆದುಕೊಳ್ಳುತ್ತದೆ ಎಂದು ಹೇಳುವುದು ಹೇಗೆ? ಅದಕ್ಕಾಗಿ 2005ರಲ್ಲಿ ಪಿಡಿಎಫ್/ಎ ಎಂಬ ಕಟ್ಟುನಿಟ್ಟಾದ ರೂಪ ಬಂತು. ಐಎಸ್‌ಒ 19005 ಅದರ ಸಂಖ್ಯೆ.

ಅದರ ನಿಯಮಗಳ ಹಿಂದೆ ಇರುವ ವಿಚಾರ ಒಂದೇ: ಫೈಲನ್ನು ತೋರಿಸಲು ಬೇಕಾದದ್ದೆಲ್ಲ ಫೈಲಿನ ಒಳಗೇ ಇರಬೇಕು. ಕಾಣುವ ಅಕ್ಷರಗಳ ಫಾಂಟು ಒಳಗಿರಬೇಕು, ಇಲ್ಲದಿದ್ದರೆ ಮುಂದೊಂದು ದಿನ ಬೇರೆ ಫಾಂಟು ಬಂದು ಕೂರುತ್ತದೆ. ‘ಕೆಂಪು’ ಅಂದರೆ ಯಾವ ಕೆಂಪು ಎಂದು ಹೇಳುವ ಬಣ್ಣದ ಪ್ರೊಫೈಲ್ ಇರಬೇಕು. ಪಾಸ್‌ವರ್ಡ್ ಇರಬಾರದು, ಅದನ್ನು ಬಲ್ಲವರು ಆಗ ಇರುತ್ತಾರೋ ಇಲ್ಲವೋ. ಜಾವಾಸ್ಕ್ರಿಪ್ಟ್, ವಿಡಿಯೋ ಬೇಡ. ಶೀರ್ಷಿಕೆ, ತಾರೀಕು ಮುಂತಾದ ವಿವರಗಳು ನಿಗದಿತ ರೂಪದಲ್ಲಿ ಇರಬೇಕು. 2011ರಲ್ಲಿ ಎರಡನೇ ಭಾಗ, 2012ರಲ್ಲಿ ಯಾವ ಫೈಲನ್ನಾದರೂ ಒಳಗೆ ಅಂಟಿಸಲು ಬಿಡುವ ಮೂರನೆಯದು, 2020ರಲ್ಲಿ ನಾಲ್ಕನೆಯದು ಬಂದವು. ಓಸಿಆರ್‌ಮೈಪಿಡಿಎಫ್ ಮಾಮೂಲಿಯಾಗಿ ಕೊಡುವುದು ಎರಡನೇ ಭಾಗದ ‘ಬಿ’ ಮಟ್ಟ. ನೋಡಲು ಹೇಗಿದೆಯೋ ಹಾಗೇ ಉಳಿಯುತ್ತದೆ ಎಂಬ ಭರವಸೆ ಅಷ್ಟೇ. ಸ್ಕ್ಯಾನ್‌ಗಳಿಗೆ ಅಷ್ಟು ಸಾಕು.

ಒಂದು ಎಚ್ಚರ ಬೇಕು. ಈ ರೂಪಕ್ಕೆ ತರುವ ಹಂತದಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಕೆಲವು ಚಿತ್ರಗಳನ್ನು ತಾನೇ ಜೆಪೆಗ್ ಮಾಡಿಬಿಡುವ ಸಾಧ್ಯತೆ ಇದೆ. ನಷ್ಟವಿಲ್ಲದ ಒತ್ತುವಿಕೆಯೇ ಬೇಕು ಎಂದು ಸ್ಪಷ್ಟವಾಗಿ ಹೇಳುವ ಆಯ್ಕೆ ಲೈಬ್ರರಿಯಲ್ಲಿದೆ, ಮರೆಯದೆ ಕೊಡಿ. ಕೊನೆಯಲ್ಲಿ ವೆರಾಪಿಡಿಎಫ್ ಎಂಬ ಉಚಿತ ಪರೀಕ್ಷಕದಲ್ಲಿ ಫೈಲನ್ನು ಹಾಯಿಸಿ. ಪಿಡಿಎಫ್/ಎ ಎಂದು ಫೈಲು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಬೇರೆ, ನಿಯಮಗಳನ್ನು ಪಾಲಿಸಿರುವುದು ಬೇರೆ.

ಚಿತ್ರ ಮತ್ತು ಅಕ್ಷರವನ್ನು ಬೇರೆ ಬೇರೆ ಇಟ್ಟದ್ದರ ಫಲ ವರ್ಷಗಳ ನಂತರ ಕಾಣುತ್ತದೆ. ಭಾಷಾ ಫೈಲುಗಳು ಸುಧಾರಿಸುತ್ತವೆ. ಟೆಸರಾಕ್ಟ್ ಬದಲು ಬೇರೆ ಓದುಗನನ್ನು ಜೋಡಿಸಲು ಲೈಬ್ರರಿಯಲ್ಲಿ ಪ್ಲಗಿನ್ ವ್ಯವಸ್ಥೆ ಇದೆ. ಆಗ ಹಳೆಯ ಕಾಣದ ಪದರವನ್ನು ತೆಗೆದು, ಅದೇ ಚಿತ್ರದ ಮೇಲೆ ಹೊಸದಾಗಿ ಓದಿಸಿ, ಹೊಸ ಪದರ ಕೂರಿಸಬಹುದು. ಇದಕ್ಕೂ ಒಂದು ಪ್ರತ್ಯೇಕ ಆಯ್ಕೆ ಇದೆ. ನನ್ನ ಆ ನಾನೂರು ಪುಟಗಳನ್ನು ಹೀಗೆ ಎರಡನೇ ಸಲ ಓದಿಸಿದ್ದೇನೆ. ಆದರೆ ಈ ಆಯ್ಕೆಯ ಜೊತೆ ಓರೆ ತಿದ್ದುವುದನ್ನಾಗಲೀ, ಶುಚಿಯಾದ ಚಿತ್ರವನ್ನು ಫೈಲಿಗೆ ಹಾಕುವುದನ್ನಾಗಲೀ ಲೈಬ್ರರಿ ಒಪ್ಪುವುದಿಲ್ಲ, ಯಾಕೆಂದರೆ ಅವೆರಡೂ ಚಿತ್ರವನ್ನು ಬದಲಿಸುತ್ತವೆ. ಪುಟಗಳು ಓರೆಯಾಗಿವೆ ಎಂದು ಮೊದಲೇ ಕಂಡರೆ, ಕಾಗದ ಇನ್ನೂ ಕೈಯಲ್ಲಿರುವಾಗ ಸ್ಕ್ಯಾನರಿನ ಮೇಲೆ ಇನ್ನೊಮ್ಮೆ ನೆಟ್ಟಗೆ ಇಟ್ಟು ಸ್ಕ್ಯಾನ್ ಮಾಡಿ.